ಬರಹಗಾರ ಎಲ್ಲಿ ನಿಂತು ನೋಡುತ್ತಾನೆ? ನಿಸರ್ಗ ಚಿತ್ರಣದ ಬಗ್ಗೆ ಒಂದು ಉತ್ತರ

ಪ್ರಶ್ನೆ: ಪಶ್ಚಿಮದ ಬರಹಗಾರರು ನಿಸರ್ಗವನ್ನು ಮನುಷ್ಯನಿಂದ ಬೇರೆಯಾಗಿ ಕಾಣುತ್ತಾರೆ, ಪೂರ್ವದವರು ತಮ್ಮನ್ನು ಅದರ ಒಂದು ಭಾಗವೆಂದೇ ತಿಳಿಯುತ್ತಾರೆ ಎಂಬ ಮಾತನ್ನು ಮತ್ತೆ ಮತ್ತೆ ಓದಿದ್ದೇನೆ. ಇದು ಎಷ್ಟರಮಟ್ಟಿಗೆ ನಿಜ? ಬೇರೆ ಬೇರೆ ಸಂಸ್ಕೃತಿಗಳ ಬರಹಗಾರರು ನಿಸರ್ಗವನ್ನು ಚಿತ್ರಿಸುವ ಬಗೆಯನ್ನು ಹೋಲಿಸಬೇಕಾದರೆ ಯಾವುದನ್ನು ಗಮನಿಸಬೇಕು, ಎಲ್ಲಿಂದ ಆರಂಭಿಸಬೇಕು?

ಉತ್ತರ: ನೀವು ಹೇಳಿದ ಸೂತ್ರ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ, ಅದು ಇಷ್ಟು ಹರಡಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಕೃತಿಗಳನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸಿದರೆ ಮಾತ್ರ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಮೆರಿಕದ ಹೆನ್ರಿ ಡೇವಿಡ್ ಥೋರೊ 1845ರ ಜುಲೈ 4ರಂದು ಮ್ಯಾಸಚೂಸೆಟ್ಸ್‌ನ ವಾಲ್ಡನ್ ಕೊಳದ ದಡದಲ್ಲಿ ತಾನೇ ಕಟ್ಟಿದ ಪುಟ್ಟ ಮನೆಗೆ ವಾಸಕ್ಕೆ ಹೋದ. ಪಾಶ್ಚಾತ್ಯ ನಿಸರ್ಗ ಬರಹಕ್ಕೆ ಮಾದರಿಯೆಂದು 1854ರಲ್ಲಿ ಪ್ರಕಟವಾದ ಅವನ 'ವಾಲ್ಡನ್' ಪುಸ್ತಕವನ್ನೇ ತೋರಿಸುವುದು ವಾಡಿಕೆ. ಆದರೆ ಅದೇ ಪುಸ್ತಕದಲ್ಲಿ ಅವನು ಬೆಳಗಿನ ಹೊತ್ತು ತನ್ನ ಬುದ್ಧಿಯನ್ನು ಭಗವದ್ಗೀತೆಯಲ್ಲಿ ಮೀಯಿಸುತ್ತೇನೆ ಎನ್ನುತ್ತಾನೆ. ಚಳಿಗಾಲದಲ್ಲಿ ಆ ಕೊಳದ ಮಂಜುಗಡ್ಡೆಯನ್ನು ಕೊಯ್ದು ಒಯ್ಯುವವರನ್ನು ನೋಡುತ್ತ, ಮದರಾಸು, ಮುಂಬಯಿ, ಕಲ್ಕತ್ತೆಯವರು ತನ್ನ ಬಾವಿಯ ನೀರು ಕುಡಿಯುತ್ತಾರೆಂದು ಕಲ್ಪಿಸಿಕೊಂಡು, ವಾಲ್ಡನ್ನಿನ ನೀರನ್ನು ಗಂಗೆಯ ನೀರಿನೊಂದಿಗೆ ಬೆರೆಸುತ್ತಾನೆ. ಇತ್ತ ಜಪಾನಿನ ಕುನಿಕಿದ ದೊಪ್ಪೊ 1898ರಲ್ಲಿ ಟೋಕಿಯೊ ಅಂಚಿನ ಮುಸಾಶಿನೊ ಬಯಲಿನ ಬಗ್ಗೆ ಬರೆದಾಗ, ಎಲೆ ಉದುರಿಸುವ ಓಕ್ ಮರಗಳ ತೋಪಿನ ಚೆಲುವು ತನಗೆ ತಿಳಿದದ್ದು ರಷ್ಯದ ತುರ್ಗೆನೆವ್‌ನ ಕಥೆಯೊಂದರ ಜಪಾನಿ ಅನುವಾದದಿಂದ ಎಂದು ಒಪ್ಪಿಕೊಂಡ. ಅದುವರೆಗಿನ ಜಪಾನಿ ಸಾಹಿತ್ಯಕ್ಕೂ ಚಿತ್ರಕಲೆಗೂ ಕಾಡೆಂದರೆ ಬಹುಮಟ್ಟಿಗೆ ಪೈನ್ ಮರಗಳೇ ಆಗಿದ್ದವು ಎನ್ನುವುದು ಅವನ ಅನಿಸಿಕೆ. ಗೀತೆ ಓದುತ್ತಿದ್ದ ಅಮೆರಿಕನ್ನನನ್ನೂ ತುರ್ಗೆನೆವ್‌ನಿಂದ ನೋಡಲು ಕಲಿತ ಜಪಾನಿಯನ್ನೂ ನಿಮ್ಮ ಸೂತ್ರದ ಯಾವ ಮಗ್ಗುಲಿಗೆ ಸೇರಿಸುವುದು?

ತೊಡಕು 'ನಿಸರ್ಗ' ಎಂಬ ಮಾತಿನಿಂದಲೇ ಶುರುವಾಗುತ್ತದೆ. ಮರ, ಹೊಳೆ, ಹಕ್ಕಿ, ಮೋಡ, ಬಂಡೆಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ಮನುಷ್ಯನೊಬ್ಬನನ್ನೇ ಹೊರಗಿಡುವ ಅರ್ಥ ಹಲವು ಭಾಷೆಗಳಿಗೆ ತೀರ ಈಚೆಗೆ ಬಂದದ್ದು. ಸಾಂಖ್ಯ ದರ್ಶನದವರ 'ಪ್ರಕೃತಿ'ಯಲ್ಲಿ ಮನುಷ್ಯನ ಬುದ್ಧಿ, ಅಹಂಕಾರ, ಮನಸ್ಸುಗಳೂ ಸೇರಿವೆ. ವೈದ್ಯರ ಬಾಯಲ್ಲಿ ಅದೇ ಪದ ದೇಹದ ಸ್ವಭಾವವನ್ನು ಹೇಳುತ್ತದೆ. ವ್ಯಾಕರಣಕಾರನಿಗೆ ಅದು ಪ್ರತ್ಯಯ ಹತ್ತುವ ಮೂಲರೂಪ. ಚೀನಿಯ 'ಜಿರಾನ್' ಎಂದರೆ 'ತನ್ನಷ್ಟಕ್ಕೆ ತಾನು ಹಾಗಿರುವುದು'. ಅದೇ ಅಕ್ಷರಗಳನ್ನು ಜಪಾನಿಯರು 'ಶಿಝೆನ್' ಎಂದು ಓದುತ್ತಾರೆ, ಮತ್ತು ಅದಕ್ಕೆ ಯುರೋಪಿನ 'ನೇಚರ್' ಎಂಬ ಅರ್ಥ ಗಟ್ಟಿಯಾಗಿ ಅಂಟಿಕೊಂಡದ್ದು 19ನೆಯ ಶತಮಾನದ ಅನುವಾದಗಳ ಕಾಲದಲ್ಲಿ. ಹಳಗನ್ನಡದ ಕವಿಗಳೂ 'ನಿಸರ್ಗ'ವನ್ನು ವರ್ಣಿಸಲು ಕೂತವರಲ್ಲ. ಅವರು ಬನವನ್ನು, ಕೊಳವನ್ನು, ಮುಗಿಲನ್ನು, ಬೇಸಗೆಯನ್ನು ಒಂದೊಂದಾಗಿ ಬಣ್ಣಿಸಿದವರು. ಆದ್ದರಿಂದ 'ಅವರು ನಿಸರ್ಗವನ್ನು ಹೇಗೆ ಕಂಡರು' ಎಂದು ಕೇಳುವಾಗ ನಮ್ಮ ಕಾಲದ ಬುಟ್ಟಿಯನ್ನು ಅವರ ತಲೆಯ ಮೇಲೆ ಹೊರಿಸುತ್ತಿದ್ದೇವೆ ಎಂಬ ಎಚ್ಚರ ಬೇಕು. ನಾನು ಬೇರೆ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ: ಬರೆಯುವವನು ಎಲ್ಲಿ ನಿಂತಿದ್ದಾನೆ, ಆ ಜಾಗದಲ್ಲಿ ಅವನಿಗೇನು ಕೆಲಸ, ಅವನ ಭಾಷೆ ಅವನ ಕೈಗೆ ಮೊದಲೇ ಏನನ್ನು ಇತ್ತಿದೆ, ಅವನ ನೋಟದ ಚೌಕಟ್ಟಿನಿಂದ ಯಾರು ಹೊರಗೆ ಬಿದ್ದಿದ್ದಾರೆ? ಹೀಗೆ ಕೇಳಿದಾಗ ಒಂದೇ ಸಂಸ್ಕೃತಿಯ ಒಳಗಿನ ಅಂತರ ಎರಡು ಸಂಸ್ಕೃತಿಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿ ಕಾಣುವುದೂ ಉಂಟು.

ಒಂದೇ ಮನೆಯೊಳಗೆ ಆ ಅಂತರ ಹೇಗಿರುತ್ತದೆಂಬುದನ್ನು ನೋಡಿ. 1802ರ ಏಪ್ರಿಲ್ 15ರಂದು ಕವಿ ವಿಲಿಯಂ ವರ್ಡ್ಸ್‌ವರ್ತ್ ಮತ್ತು ಅವನ ತಂಗಿ ಡೊರೊಥಿ ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ಬದಿಯಲ್ಲಿ ಬಿರುಗಾಳಿಗೆ ಎದುರಾಗಿ ನಡೆದು ಬರುತ್ತಿದ್ದಾಗ ಡ್ಯಾಫೊಡಿಲ್ ಹೂಗಳನ್ನು ಕಂಡರು. ಡೊರೊಥಿಯ ದಿನಚರಿಯಲ್ಲಿ ಅವು ಒಮ್ಮೆಗೇ ಕಾಣಿಸಿಕೊಳ್ಳುವುದಿಲ್ಲ. ಮೊದಲು ನೀರಿನ ಅಂಚಿನಲ್ಲಿ ನಾಲ್ಕಾರು. ಮುಂದೆ ಸಾಗಿದಂತೆ ಇನ್ನಷ್ಟು, ಮತ್ತಷ್ಟು. ಕೊನೆಗೆ ಮರಗಳ ಕೊಂಬೆಯಡಿಯಲ್ಲಿ ದಡದುದ್ದಕ್ಕೂ ಒಂದು ಹಳ್ಳಿರಸ್ತೆಯಷ್ಟು ಅಗಲದ ಪಟ್ಟಿ. ಪಾಚಿಗಟ್ಟಿದ ಕಲ್ಲುಗಳ ನಡುವೆ ಬೆಳೆದ ಆ ಹೂಗಳಲ್ಲಿ ಕೆಲವು ದಣಿದಂತೆ ಕಲ್ಲನ್ನೇ ದಿಂಬಾಗಿಸಿಕೊಂಡು ತಲೆಯಿಟ್ಟಿದ್ದವು, ಉಳಿದವು ಗಾಳಿಯೊಡನೆ ತೂರಾಡಿ ಕುಣಿಯುತ್ತಿದ್ದವು ಎಂದು ಅವಳು ಬರೆಯುತ್ತಾಳೆ. ಎರಡು ವರ್ಷ ಕಳೆದ ಮೇಲೆ ಅಣ್ಣ ಕಟ್ಟಿ 1807ರಲ್ಲಿ ಪ್ರಕಟಿಸಿದ ಕವಿತೆಯಲ್ಲಿ ದಣಿದ ಹೂ ಒಂದೂ ಇಲ್ಲ, ಬಿರುಗಾಳಿ ತಂಗಾಳಿಯಾಗಿದೆ, ತಂಗಿಯೂ ಮಾಯವಾಗಿದ್ದಾಳೆ. ಅಲ್ಲಿರುವುದು ಮೋಡದಂತೆ ಒಂಟಿಯಾಗಿ ಅಲೆದ ಒಬ್ಬ ಕವಿ ಮತ್ತು ಅವನು ಒಮ್ಮೆಗೇ ಕಂಡ ಹತ್ತು ಸಾವಿರ ಹೂಗಳು. ಏಕಾಂತದ ಸುಖವನ್ನೂ ಒಳಗಣ್ಣನ್ನೂ ಕುರಿತ ಎರಡು ಸಾಲುಗಳನ್ನು ಅವನಿಗೆ ಕೊಟ್ಟವಳು ಅವನ ಹೆಂಡತಿ ಮೇರಿ ಎಂಬುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಇದರಿಂದ ಕವಿತೆಯ ಬೆಲೆಯೇನೂ ಕಡಿಮೆಯಾಗುವುದಿಲ್ಲ. ಆದರೆ 'ನಿಸರ್ಗದ ಎದುರು ಒಂಟಿಯಾಗಿ ನಿಂತ ಪಾಶ್ಚಾತ್ಯ ಮನುಷ್ಯ' ಎಂಬ ಚಿತ್ರ ಕಂಡದ್ದಲ್ಲ, ಕಟ್ಟಿದ್ದು. ಅದನ್ನು ಕಟ್ಟುವುದಕ್ಕೆ ಜೊತೆಯಲ್ಲಿದ್ದವರನ್ನು ಅಳಿಸಬೇಕಾಯಿತು.

ಅದೇ ಕಾಲದ, ಅದೇ ದೇಶದ ಕವಿ ಜಾನ್ ಕ್ಲೇರ್ (1793–1864) ಹೊಲಗೆಲಸದವನು. ಅವನ ಹೆಲ್ಪ್‌ಸ್ಟನ್ ಹಳ್ಳಿಯ ಬಯಲುಗಳಿಗೆ 1809ರ ಕಾಯಿದೆಯೊಂದರ ಮೂಲಕ ಬೇಲಿ ಬಿದ್ದು, ಎಲ್ಲರೂ ದನ ಮೇಯಿಸುತ್ತಿದ್ದ ನೆಲ ಕೆಲವರ ಆಸ್ತಿಯಾಯಿತು. ನೈಟಿಂಗೇಲ್ ಹಕ್ಕಿಯನ್ನು ಕುರಿತ ಅವನ ಕವಿತೆಯಲ್ಲಿ ಕವಿ ಹಾಡು ಕೇಳುತ್ತ ಮೈಮರೆಯುವುದಿಲ್ಲ. ಮುಳ್ಳುಪೊದೆಯೊಳಗೆ ಬಗ್ಗಿ, ಒಣಗಿದ ಓಕ್ ಎಲೆಗಳಿಂದಲೂ ಪಾಚಿಯಿಂದಲೂ ಹೆಣೆದ ಗೂಡನ್ನು ಕಂಡು, ಒಳಗಿನ ಐದು ಮೊಟ್ಟೆಗಳ ಬಣ್ಣ ಮಸುಕು ಹಸಿರು ಎಂದವನು ಅದೇ ಉಸಿರಿಗೆ ಅಲ್ಲ, ಆಲಿವ್ ಕಂದು ಎಂದು ತಿದ್ದಿಕೊಳ್ಳುತ್ತಾನೆ. ಆ ತಿದ್ದುಪಡಿಯೊಂದೇ ಸಾಕು, ಈತ ಮೊಟ್ಟೆಯನ್ನು ಕಣ್ಣಾರೆ ಕಂಡವನೆಂದು ನಂಬುವುದಕ್ಕೆ. ತನ್ನ ಕಾಲದ ಕವಿ ಕೀಟ್ಸ್‌ನ ವರ್ಣನೆಗಳನ್ನು ಮೆಚ್ಚುತ್ತಲೇ, ದೊಡ್ಡ ಊರಿನ ನಿವಾಸಿಗಳಂತೆ ಅವನೂ ನಿಸರ್ಗವನ್ನು ತನ್ನ ಕಲ್ಪನೆಗೆ ಹೊಳೆದಂತೆ ಬರೆದನೇ ಹೊರತು ಕಂಡಂತೆ ಬರೆಯಲಿಲ್ಲ ಎಂದು ಕ್ಲೇರ್ ಗೊಣಗಿದ್ದಾನೆ. ಇಬ್ಬರೂ ಇಂಗ್ಲಿಷರು, ಇಬ್ಬರೂ ರೊಮ್ಯಾಂಟಿಕ್ ಯುಗದವರು. ನಡುವೆ ಇರುವುದು ದುಡಿಮೆಯ ಅಂತರ.

ಡ್ಯಾಫೊಡಿಲ್‌ಗೆ ಇನ್ನೊಂದು ಜನ್ಮವೂ ಇದೆ. ಆಂಟಿಗುವಾ ದ್ವೀಪದಲ್ಲಿ ಹುಟ್ಟಿದ ಜಮೈಕಾ ಕಿಂಕೈಡ್ 1990ರಲ್ಲಿ ಪ್ರಕಟಿಸಿದ 'ಲೂಸಿ' ಕಾದಂಬರಿಯ ನಾಯಕಿ, ಹತ್ತೊಂಬತ್ತು ವರ್ಷವಾಗುವ ತನಕ ತಾನು ಕಣ್ಣಿಂದ ನೋಡದ ಹೂವಿನ ಬಗೆಗಿನ ಕವಿತೆಯನ್ನು ಹತ್ತನೆಯ ವಯಸ್ಸಿನಲ್ಲೇ ಶಾಲೆಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಬೇಕಾಯಿತೆಂದು ಕುದಿಯುತ್ತಾಳೆ. ಹೂಗಳನ್ನು ನಿಜವಾಗಿ ಕಂಡಾಗ ಅವನ್ನು ಕೊಂದುಹಾಕಬೇಕೆಂಬ ಆಸೆ ಅವಳಿಗೆ ಹುಟ್ಟುತ್ತದೆ. ಕಾಣದ ಹೂವನ್ನು ಪರೀಕ್ಷೆಗಾಗಿ ಪ್ರೀತಿಸಿದ ಅನುಭವ ಇಂಗ್ಲಿಷ್ ಪಠ್ಯ ಓದಿದ ನಮ್ಮಲ್ಲಿ ಹಲವರಿಗೂ ಇರುವುದರಿಂದ ಈ ಸಿಟ್ಟನ್ನು ವಿವರಿಸಬೇಕಾಗಿಲ್ಲ. ಒಂದು ಹೂ ಡೊರೊಥಿಗೆ ದಾರಿಯಲ್ಲಿ ಸಿಕ್ಕ ದಣಿದ ಜೀವ, ವಿಲಿಯಂಗೆ ನೆನಪಿನ ನಿಧಿ, ಲೂಸಿಗೆ ಆಳಿದವರ ಗುರುತು. ಹೂವಿನ ಅರ್ಥ ಹೂವಿನಲ್ಲಿಲ್ಲ ಎನ್ನುವುದು ಹಳೆಯ ಮಾತು. ಅದು ಯಾವ ದಾರಿಯಾಗಿ ಓದುಗನ ಬಳಿಗೆ ಬಂತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ಕಿಂಕೈಡ್ ಸೇರಿಸಿದ ಮಾತು.

ಭಾಷೆ ಮೊದಲೇ ಕೈಗಿತ್ತಿರುವ ಸಾಮಗ್ರಿಯ ವಿಷಯಕ್ಕೆ ಬಂದರೆ, ಪ್ರಾಚೀನ ಸಂಗಂ ತಮಿಳು ಕಾವ್ಯದಷ್ಟು ವ್ಯವಸ್ಥಿತವಾದ ಉಗ್ರಾಣ ಇನ್ನೊಂದು ಕಡೆ ಇರುವುದು ನನಗೆ ಗೊತ್ತಿಲ್ಲ. ಅಲ್ಲಿ ಐದು ತಿಣೈಗಳು, ಅಂದರೆ ನೆಲವನ್ನೂ ಭಾವವನ್ನೂ ಜೋಡಿಸಿದ ವಿಭಾಗಗಳು, ಇವೆ, ಐದಕ್ಕೂ ಗಿಡಮರಗಳ ಹೆಸರೇ. ಬೆಟ್ಟದ ಕುರಿಂಜಿ ಪ್ರೇಮಿಗಳ ಕೂಟಕ್ಕೆ, ಕಾಡಿನ ಮುಲ್ಲೈ ತಾಳ್ಮೆಯ ಕಾಯುವಿಕೆಗೆ, ಗದ್ದೆಬಯಲಿನ ಮರುದಂ ಮುನಿಸಿಗೆ, ಕಡಲ ತಡಿಯ ನೆಯ್ದಲ್ ಕೊರಗಿಗೆ, ಬೆಂಗಾಡಿನ ಪಾಲೈ ಅಗಲಿಕೆಗೆ. ಮುಲ್ಲೈಯಲ್ಲಿ ನಮ್ಮ ಮೊಲ್ಲೆಯೂ ನೆಯ್ದಲಿನಲ್ಲಿ ನಮ್ಮ ನೈದಿಲೆಯೂ ಕಾಣಿಸುವುದರಿಂದ ಕನ್ನಡ ಓದುಗರಿಗೆ ಇದು ದೂರದ ಲೋಕವಲ್ಲ. ಪ್ರತಿ ತಿಣೈಗೂ ಅದರದೇ ಹೊತ್ತು, ಋತು, ಪ್ರಾಣಿ, ಪಕ್ಷಿ, ಕಸುಬು, ದೇವತೆ ಗೊತ್ತುಮಾಡಿದೆ. ಆದ್ದರಿಂದ ಕವಿತೆಯಲ್ಲಿ ಸಂಜೆಯ ಮೊಲ್ಲೆ ಅರಳಿತೆಂದರೆ ಯಾರೋ ಕಾಯುತ್ತಿದ್ದಾರೆಂದು ಕೇಳುಗನಿಗೆ ಗೊತ್ತು. ಭಾವವನ್ನು ಹೆಸರಿಸುವ ಅಗತ್ಯವೇ ಬೀಳುವುದಿಲ್ಲ. ಪಾಲೈಗೆ ಸ್ವಂತ ನೆಲವಿಲ್ಲ, ಕಾಡೂ ಬೆಟ್ಟವೂ ಬೇಸಗೆಗೆ ಒಣಗಿ ಪಾಲೈಯ ರೂಪ ತಾಳುತ್ತವೆ ಎಂದು ತಮಿಳು ಮಹಾಕಾವ್ಯ ಶಿಲಪ್ಪದಿಕಾರಂ ಹೇಳುತ್ತದೆ. ಅಗಲಿಕೆಗೆ ಬೇರೆ ಊರಿಲ್ಲ, ಕೂಡಿದ್ದ ಜಾಗವೇ ಒಣಗಿದರೆ ಅದು ಅಗಲಿಕೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಇಂಥ ಕಟ್ಟುಪಾಡಿನೊಳಗೆ ಜೀವಂತ ಕವಿತೆ ಹೇಗೆ ಹುಟ್ಟುತ್ತದೆ ಎಂದು ನೀವು ಕೇಳಬಹುದು. ಸಂಗಂ ಪದ್ಯಸಂಗ್ರಹವಾದ ಕುರುಂತೊಗೈಯ 25ನೆಯ ಪದ್ಯ ಕಪಿಲರ್‌ನದು, ಐದೇ ಸಾಲು. ಹುಡುಗಿಯೊಬ್ಬಳು ಹೇಳುತ್ತಾಳೆ: ಅವನು ನನ್ನನ್ನು ಕೂಡಿದ ದಿನ ಅಲ್ಲಿ ಬೇರೆ ಯಾರೂ ಇರಲಿಲ್ಲ, ಆ ಕಳ್ಳನೊಬ್ಬನೇ, ಅವನೇ ಸುಳ್ಳಾಡಿದರೆ ನಾನೇನು ಮಾಡಲಿ? ಒಂದು ಕೊಕ್ಕರೆ ಮಾತ್ರ ಇತ್ತು, ನವಣೆಯ ದಂಟಿನಂಥ ಸಣ್ಣ ಹಸಿರು ಕಾಲಿನದು, ಹರಿವ ನೀರಿನಲ್ಲಿ ಆರಲ್ ಮೀನಿಗಾಗಿ ಹೊಂಚುತ್ತ ನಿಂತಿತ್ತು. ಪದ್ಯ ಅಲ್ಲಿಗೆ ಮುಗಿಯುತ್ತದೆ. ಕೊಕ್ಕರೆ ಸಾಕ್ಷಿ ಹೌದು, ಆದರೆ ಅದರ ಕಣ್ಣು ಮೀನಿನ ಮೇಲಿತ್ತು; ಅದು ನಾಳೆ ಬಂದು ಸಾಕ್ಷಿ ನುಡಿಯುವುದಿಲ್ಲ. ಹುಡುಗಿಯ ಭಯವನ್ನು ಹೇಳುವುದಕ್ಕೆ ಹಕ್ಕಿಯ ಅಲಕ್ಷ್ಯ ಸಾಕಾಯಿತು. ಜೊತೆಗೆ ಮೀನಿಗೆ ಹೊಂಚಿದ ಹಕ್ಕಿ ಆ ಪ್ರೇಮಿಯ ನೆರಳೂ ಆಗಿರಬಹುದು, ಕವಿ ಅದನ್ನು ಹೇಳದೆ ಬಿಟ್ಟಿದ್ದಾನೆ. ಮನುಷ್ಯನೂ ನಿಸರ್ಗವೂ ಇಲ್ಲಿ ಒಂದಾಗಿವೆ ಎನ್ನಬಹುದೇ? ನನಗೆ ಹಾಗೆ ತೋರುವುದಿಲ್ಲ; ಕೊಕ್ಕರೆಗೆ ಈ ಹುಡುಗಿ ಏನೇನೂ ಅಲ್ಲ ಎಂಬುದರಲ್ಲೇ ಪದ್ಯದ ನೋವಿದೆ. ಪೂರ್ವದ ಕಾವ್ಯವೆಂದ ಕೂಡಲೇ ಸಾಮರಸ್ಯವನ್ನು ಹುಡುಕುವವರು ಈ ಐದು ಸಾಲನ್ನು ಒಮ್ಮೆ ಓದಬೇಕು.

ಜಪಾನಿನಲ್ಲಿ ಈ ಉಗ್ರಾಣ ಋತುಗಳ ಲೆಕ್ಕದಲ್ಲಿ ಬೆಳೆಯಿತು. ಸುಮಾರು 905ರಲ್ಲಿ ಅರಸನ ಅಪ್ಪಣೆಯಂತೆ ಸಂಕಲಿಸಲಾದ ಕೊಕಿನ್‌ಶೂ ಕವಿತಾ ಸಂಗ್ರಹದ 20 ಭಾಗಗಳಲ್ಲಿ ಮೊದಲ ಆರೂ ಋತುಗಳಿಗೇ ಮೀಸಲು: ವಸಂತಕ್ಕೆ ಎರಡು, ಬೇಸಗೆಗೆ ಒಂದು, ಶರತ್ತಿಗೆ ಎರಡು, ಚಳಿಗಾಲಕ್ಕೆ ಒಂದು. ಮುಂದೆ ಹೈಕು ಎಂಬ ಕಿರುಗವಿತೆಯಲ್ಲಿ ಋತುವನ್ನು ಸೂಚಿಸುವ 'ಕಿಗೊ' ಎಂಬ ಪದ ನಿಯಮವೇ ಆಯಿತು. ಬರಿದೆ ಚಂದ್ರನೆಂದರೆ ಅದು ಶರತ್ತಿನ ಚಂದ್ರ, ಕಪ್ಪೆಯೆಂದರೆ ವಸಂತ. ಕೊಕಿನ್‌ಶೂ ಮುನ್ನುಡಿಯ ಕಾಲದಿಂದಲೂ ಕಪ್ಪೆಗೆ ಗೊತ್ತಾದ ಕೆಲಸ ಹಾಡುವುದು: ಹೂಗಳ ನಡುವೆ ಉಲಿಯುವ ಹಕ್ಕಿ, ನೀರಿನಲ್ಲಿ ಕೂಗುವ ಕಪ್ಪೆ, ಹಾಡದ ಜೀವ ಯಾವುದಿದೆ ಎಂದು ಆ ಮುನ್ನುಡಿ ಕೇಳುತ್ತದೆ. 1686ರಲ್ಲಿ ಹೈಕು ಕವಿ ಬಾಶೊ ತನ್ನ ಕಪ್ಪೆಯಿಂದ ಹಾಡಿಸಲಿಲ್ಲ. ಅದು ಹಳೆಯ ಕೊಳಕ್ಕೆ ಹಾರಿತು, ಕೇಳಿಸಿದ್ದು ನೀರಿನ ಸದ್ದು. ಈ ಹೈಕುವನ್ನು ಧ್ಯಾನದ ಕವಿತೆಯೆಂದು, ಮೌನದ ಕವಿತೆಯೆಂದು ಹೊರನಾಡಿನ ಓದುಗರು ಕೊಂಡಾಡುತ್ತ ಬಂದಿದ್ದಾರೆ, ಅದು ತಪ್ಪಲ್ಲ. ಆದರೆ ಅಂದಿನ ಓದುಗನಿಗೆ ಮೊದಲು ತಟ್ಟಿದ್ದು ಬಹುಶಃ ಒಂದು ಕುಚೇಷ್ಟೆ: ಎಂಟುನೂರು ವರ್ಷ ಹಾಡುತ್ತಿದ್ದ ಕಪ್ಪೆಯ ಬಾಯಿ ಮುಚ್ಚಿಸಿ ಕವಿ ಅದನ್ನು ನೀರಿಗೆ ಧುಮುಕಿಸಿದ್ದಾನೆ. ಸಂಪ್ರದಾಯ ಗೊತ್ತಿಲ್ಲದೆ ಓದಿದರೆ ನಮಗೆ ಕಪ್ಪೆ ಮಾತ್ರ ಸಿಗುತ್ತದೆ, ತಮಾಷೆ ಕೈತಪ್ಪುತ್ತದೆ.

ಸಂಸ್ಕೃತ ಮತ್ತು ಹಳಗನ್ನಡದ ಕವಿಸಮಯಗಳು, ಅಂದರೆ ಕವಿಗಳು ರೂಢಿಯಿಂದ ಒಪ್ಪಿಕೊಂಡ ಕಲ್ಪನೆಗಳು, ಇದೇ ಬಗೆಯವು. ಚಕೋರ ಬೆಳದಿಂಗಳನ್ನು ಕುಡಿಯುತ್ತದೆ, ಚಕ್ರವಾಕ ದಂಪತಿ ಇರುಳಿನಲ್ಲಿ ಅಗಲುತ್ತವೆ, ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ. ಇವನ್ನು ಪಕ್ಷಿಶಾಸ್ತ್ರದ ತಪ್ಪುಗಳೆಂದು ತಿಳಿಯುವುದು ಬಾಲಿಶ. ಇವು ಕವಿಗೂ ಓದುಗನಿಗೂ ನಡುವಿನ ಕರಾರು. ಕವಿಗಳಿಗೆ ಅದು ಕರಾರೆಂದು ಚೆನ್ನಾಗಿ ಗೊತ್ತಿತ್ತು. ಮೇಘದೂತದ ಐದನೆಯ ಪದ್ಯದಲ್ಲಿ ಕಾಳಿದಾಸನೇ ಕೇಳುತ್ತಾನೆ: ಹೊಗೆ, ಬೆಳಕು, ನೀರು, ಗಾಳಿಗಳು ಕಲೆತು ಆದ ಮೋಡವೆಲ್ಲಿ, ಚುರುಕಾದ ಇಂದ್ರಿಯಗಳುಳ್ಳ ಜೀವಿಗಳು ಒಯ್ಯಬೇಕಾದ ಸಂದೇಶವೆಲ್ಲಿ? ಕಾಮದಿಂದ ಬೆಂದವರಿಗೆ ಚೇತನ ಯಾವುದು, ಅಚೇತನ ಯಾವುದು ಎಂಬ ಪರಿವೆ ಇರುವುದಿಲ್ಲ ಎಂದು ಉತ್ತರವನ್ನೂ ಅವನೇ ಕೊಡುತ್ತಾನೆ. 1856ರಲ್ಲಿ ಇಂಗ್ಲೆಂಡಿನ ವಿಮರ್ಶಕ ಜಾನ್ ರಸ್ಕಿನ್, ಕಡಲ ನೊರೆಯನ್ನು ಕ್ರೂರಿ ಎಂದು ಕರೆಯುವಂಥ ಬರಹಗಳಲ್ಲಿ ದುಃಖದಿಂದ ಬುದ್ಧಿ ಮಂಕಾದ ಲಕ್ಷಣವನ್ನು ಕಂಡು, ಅದಕ್ಕೊಂದು ದೋಷದ ಹೆಸರನ್ನಿಟ್ಟು ದೊಡ್ಡ ಚರ್ಚೆಗೆ ಕಾರಣನಾದ. ಕಾಳಿದಾಸನು ಅದೇ ರೋಗವನ್ನು ಗುರುತಿಸಿ, ರೋಗಿಯನ್ನೇ ನಾಯಕನಾಗಿಸಿ, ಉಳಿದ ನೂರಕ್ಕೂ ಹೆಚ್ಚು ಪದ್ಯಗಳಲ್ಲಿ ನಮ್ಮನ್ನೂ ಅದಕ್ಕೆ ಒಳಪಡಿಸಿದ. ಇಬ್ಬರಲ್ಲಿ ಯಾರು ಹೆಚ್ಚು ತರ್ಕಬದ್ಧರು ಎಂದು ಕೇಳಿದರೆ ನನ್ನ ಮತ ಕವಿಗೇ.

ಇನ್ನು ನಿಂತ ಜಾಗದ ಮಾತು. ಪಂಪ ಬನವಾಸಿಯನ್ನು ಹೊಗಳಿದ ಪದ್ಯಗಳನ್ನು ಕನ್ನಡಿಗರು ನೆನೆಯುತ್ತಾರೆ: ಅಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕು, ತೆಂಕಗಾಳಿ ಸೋಂಕಿದರೂ ಆ ನಾಡೇ ನೆನಪಾಗುತ್ತದೆ. ಅದನ್ನು ಬರೆದ ಕವಿ ಬನವಾಸಿಯಿಂದ ಬಹುದೂರದ ವೇಮುಲವಾಡದ ಆಸ್ಥಾನದಲ್ಲಿದ್ದ, ಕಾಲ 941ರ ಸುಮಾರು. ಮೂರು ನಾಲ್ಕು ಇಂದ್ರಿಯಗಳಿಗೆ ಆ ನೆಲ ಒಟ್ಟಿಗೇ ತಾಕುವುದು ಅದು ಎದುರಿಗಿಲ್ಲದ್ದರಿಂದ. ಇದನ್ನು ಇಸ್ಲಾಂಪೂರ್ವ ಅರಬ್ಬೀ ಕಾವ್ಯದ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯ ದೀರ್ಘ ಕವಿತೆ 'ಕಸೀದ' ಆರಂಭವಾಗುವುದೇ ಪ್ರೇಯಸಿಯ ಜನ ಬಿಟ್ಟುಹೋದ ಬಿಡಾರದ ಗುರುತುಗಳ ಮುಂದೆ ಕವಿ ಒಂಟೆ ನಿಲ್ಲಿಸಿದಾಗ. ಲಬೀದ್ ಎಂಬ ಕವಿಗೆ, ಮಳೆನೀರಿನ ಹರಿವು ಮರಳನ್ನು ತೊಳೆದು ಬಯಲಿಗೆ ತಂದ ಆ ಗುರುತುಗಳು, ಮಸುಕಾದ ಬರಹವನ್ನು ಲೇಖನಿಯಿಂದ ಮತ್ತೆ ತಿದ್ದಿದಂತೆ ಕಾಣುತ್ತವೆ. ಇಮ್ರುಉಲ್ ಕೈಸ್‌ನ ಕವಿತೆಯ ಕೊನೆಯಲ್ಲಿ ಬರುವ ಬಿರುಮಳೆ ಬೆಟ್ಟದ ಮೇಕೆಗಳನ್ನು ಕೆಳಗಿಳಿಸುತ್ತದೆ, ತಾಳೆಮರಗಳನ್ನು ಉರುಳಿಸುತ್ತದೆ. ಮುಳುಗಿ ಸತ್ತ ಕಾಡುಪ್ರಾಣಿಗಳು ಕಿತ್ತುಬಿದ್ದ ಕಾಡೀರುಳ್ಳಿಯ ಗೆಡ್ಡೆಗಳಂತಿವೆ. ಮಳೆ ಇಲ್ಲಿ ವರವೂ ಹೌದು, ಊರಳಿಸುವ ಕೈಯೂ ಹೌದು. ಅಲೆಮಾರಿಗೆ ನೆಲ ಒಡೆತನದ ವಸ್ತುವಲ್ಲ, ಓದಬೇಕಾದ ಗುರುತುಗಳ ಸರಣಿ. ಆಸ್ಥಾನ ಕವಿಗೆ ಅದು ಕಳೆದುಕೊಂಡ ತವರು. ಎರಡೂ ಅಗಲಿಕೆಯೇ, ಆದರೆ ಒಂದರಲ್ಲಿ ನೆಲ ಸೊಗಸಿನಿಂದ ತುಂಬುತ್ತದೆ, ಇನ್ನೊಂದರಲ್ಲಿ ಅಳಿಯುತ್ತ ಹೋಗುತ್ತದೆ.

ವ್ಯಾಕರಣವೂ ತನ್ನ ಕೈವಾಡ ನಡೆಸುತ್ತದೆ. ಎಂಟನೆಯ ಶತಮಾನದ ಚೀನಿ ಕವಿ ವಾಂಗ್ ವೇಯ ಇಪ್ಪತ್ತೇ ಅಕ್ಷರಗಳ ಪದ್ಯವೊಂದರಲ್ಲಿ ಖಾಲಿ ಬೆಟ್ಟವಿದೆ, ಕಾಣದ ಜನವಿದೆ, ಮಾತಿನ ಮಾರ್ದನಿಯಿದೆ, ಹಿಂತಿರುಗಿದ ಬಿಸಿಲು ದಟ್ಟ ಕಾಡನ್ನು ಹೊಕ್ಕು ಮತ್ತೆ ಹಸಿರು ಪಾಚಿಯ ಮೇಲೆ ಬೀಳುತ್ತದೆ. ಯಾರು ಕಂಡರು, ಯಾರು ಕೇಳಿದರು ಎಂಬುದಕ್ಕೆ ಪದವೇ ಇಲ್ಲ. ಆ ಭಾಷೆಗೆ ಕರ್ತೃಪದ ಕಡ್ಡಾಯವಲ್ಲ. ಇಂಗ್ಲಿಷಿಗೆ ತರುವವರು 'ನಾನು' ಎಂಬ ಪದವನ್ನು ತುರುಕಬೇಕೇ ಬೇಡವೇ ಎಂದು ಪೇಚಾಡುತ್ತಾರೆ. ಕನ್ನಡಕ್ಕೆ ಅಷ್ಟು ಕಷ್ಟವಿಲ್ಲ: 'ಬರಿದು ಬೆಟ್ಟ, ಯಾರೂ ಕಾಣಿಸರು, ಮಾತಿನ ದನಿ ಮಾತ್ರ ಕೇಳಿಸುತ್ತದೆ' ಎಂದರೆ ಆಯಿತು, ನೋಡುವವನು ತಾನಾಗಿ ಹಿಂದೆ ಸರಿಯುತ್ತಾನೆ. ಉತ್ತರ ಅಮೆರಿಕದ ಪೊಟವಟಮಿ ಸಮುದಾಯಕ್ಕೆ ಸೇರಿದ ಸಸ್ಯವಿಜ್ಞಾನಿ ರಾಬಿನ್ ವಾಲ್ ಕಿಮ್ಮರರ್ 2013ರ ತಮ್ಮ ಪುಸ್ತಕದಲ್ಲಿ, ತಮ್ಮ ಪೂರ್ವಿಕರ ಭಾಷೆಯಲ್ಲಿ 'ಕೊಲ್ಲಿ' ಎಂಬುದು ನಾಮಪದವಲ್ಲ, 'ಕೊಲ್ಲಿಯಾಗಿರುವುದು' ಎಂಬ ಕ್ರಿಯಾಪದ ಎಂದು ವಿವರಿಸುತ್ತಾರೆ. ಮರಕ್ಕೂ ಬಂಡೆಗೂ ಅಲ್ಲಿ ಜೀವವುಳ್ಳವುಗಳ ವ್ಯಾಕರಣ. ಈ ವಿಷಯದಲ್ಲಿ ಕನ್ನಡ ನಡುವೆ ಎಲ್ಲೋ ಇದೆ. ಮರ 'ಅದು', ಆನೆಯೂ 'ಅದು'. ಆದರೆ ಸೂರ್ಯ ಹುಟ್ಟಿದ, ಚಂದ್ರ ಮುಳುಗಿದ, ಕಾವೇರಿ ಮೈದುಂಬಿ ಹರಿದಳು. ಇದರಿಂದ ಕನ್ನಡಿಗರು ನದಿಯನ್ನು ಹೆಚ್ಚು ಗೌರವಿಸುತ್ತಾರೆಂದು ತೀರ್ಮಾನಿಸಿದರೆ ನದಿಗಳೇ ಅದನ್ನು ಅಲ್ಲಗಳೆದಾವು. ವ್ಯಾಕರಣ ಬರಹಗಾರನಿಗೆ ಒಂದು ಬಾಗಿಲನ್ನು ತೆರೆದಿಡುತ್ತದೆ, ಅಷ್ಟೆ.

ಇಷ್ಟು ಹೇಳಿದ ಮೇಲೂ ನಿಮ್ಮ ಸೂತ್ರದಲ್ಲಿ ಒಂದು ಸತ್ಯಾಂಶ ಉಳಿಯುತ್ತದೆ, ಅದನ್ನು ಸರಿಯಾದ ಜಾಗದಲ್ಲಿಡಬೇಕು. ಮನುಷ್ಯರಿಲ್ಲದ 'ಕನ್ಯಾರಣ್ಯ' ಎಂಬ ಕಲ್ಪನೆ ವಲಸೆ ಹೋಗಿ ನೆಲ ಹಿಡಿದವರ ಸಾಹಿತ್ಯದಲ್ಲಿ ಬಲವಾಗಿ ಬೆಳೆಯಿತು. ಅದಕ್ಕೆ ಕಾರಣ ಪಶ್ಚಿಮದ ಆತ್ಮವಲ್ಲ, ಆ ನೆಲದ ಚರಿತ್ರೆ. ಅಮೆರಿಕದ ಮೂಲನಿವಾಸಿ ಲಕೋಟ ಜನಾಂಗದ ಲೂಥರ್ ಸ್ಟ್ಯಾಂಡಿಂಗ್ ಬೇರ್ 1933ರಲ್ಲಿ, ನಿಸರ್ಗ ಕಾಡುಕಾಡಾಗಿ ತೋರಿದ್ದು ಬಿಳಿಯರಿಗೆ ಮಾತ್ರ, ತಮ್ಮವರಿಗೆ ಅದು ಪಳಗಿದ ನೆಲವೇ ಆಗಿತ್ತು ಎಂದು ಬರೆದರು. ಆಸ್ಟ್ರೇಲಿಯಾದಲ್ಲಿ 1876ರಲ್ಲಿ ಮಾರ್ಕಸ್ ಕ್ಲಾರ್ಕ್ ಎಂಬ ಲೇಖಕ, ಪರಿಮಳವಿಲ್ಲದ ಹೂ, ಹಾರಲಾರದ ಹಕ್ಕಿ, ನಾಲ್ಕು ಕಾಲಲ್ಲಿ ನಡೆಯಲು ಇನ್ನೂ ಕಲಿಯದ ಪ್ರಾಣಿಗಳ ಆ ನಾಡಿನ ಮುಖ್ಯ ಸ್ವರ ವಿಚಿತ್ರವಾದ ವಿಷಾದ ಎಂದ. ಆ ವಿಷಾದ ನೆಲದ್ದೋ, ಇಂಗ್ಲೆಂಡಿನ ಋತುಗಳನ್ನೂ ಹೂಗಳನ್ನೂ ಮನಸ್ಸಿನಲ್ಲಿ ತುಂಬಿಕೊಂಡು ಹಡಗಿನಿಂದಿಳಿದವರದ್ದೋ? ಅದೇ ಖಂಡದ ಮೂಲನಿವಾಸಿ ವಾನ್ಯಿ ಜನಾಂಗದ ಅಲೆಕ್ಸಿಸ್ ರೈಟ್ 2006ರ 'ಕಾರ್ಪೆಂಟೇರಿಯಾ' ಕಾದಂಬರಿಯನ್ನು ಆರಂಭಿಸುವುದು ಮೂಲಪುರುಷನಾದ ಮಹಾಸರ್ಪ ನೆಲದ ಮೇಲೆ ತೆವಳಿ ನದಿಗಳ ಪಾತ್ರವನ್ನು ಕೊರೆಯುವ ಚಿತ್ರದಿಂದ. ಆ ನದಿ ಇಂದಿಗೂ ಪಾತ್ರ ಬದಲಿಸುತ್ತದೆ, ಬಂದರು ಕಟ್ಟಿದ ಊರನ್ನು ನೀರಿಲ್ಲದೆ ಬಿಟ್ಟು ನಡೆಯುತ್ತದೆ. ಕ್ಲಾರ್ಕ್ ಕಂಡ ಬರಿದಾದ ನೆಲ ಇಲ್ಲಿ ಹಿರಿಯರಿಂದಲೂ ಕಾನೂನಿನಿಂದಲೂ ಜಗಳಗಳಿಂದಲೂ ತುಂಬಿ ತುಳುಕುತ್ತಿದೆ.

ಚೌಕಟ್ಟಿನಿಂದ ಹೊರಗೆ ಬಿದ್ದವರ ಪ್ರಶ್ನೆ ವಸಾಹತುಗಾರರಿಗೆ ಮಾತ್ರ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಬಂಗಾಳಿಯ ವಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಆರಣ್ಯಕ' (1939) ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯಂತ ಪ್ರಾಮಾಣಿಕ ಕಾದಂಬರಿಗಳಲ್ಲಿ ಒಂದು. ಅದರ ನಿರೂಪಕ ಸತ್ಯಚರಣ ಕಲ್ಕತ್ತೆಯ ವಿದ್ಯಾವಂತ ಯುವಕ. ಕೆಲಸ ಸಿಗದೆ ಬಿಹಾರದ ಕಾಡುಸೀಮೆಯ ಜಮೀನ್ದಾರಿಗೆ ಮ್ಯಾನೇಜರನಾಗಿ ಹೋಗುತ್ತಾನೆ. ಬೆಳದಿಂಗಳ ಕಾಡಿಗೆ ಅವನು ಮರುಳಾಗುತ್ತಾನೆ. ಅವನ ಉದ್ಯೋಗವೋ, ಅದೇ ಕಾಡನ್ನು ತುಂಡು ತುಂಡಾಗಿ ರೈತರಿಗೆ ಗುತ್ತಿಗೆ ಕೊಟ್ಟು ಕಡಿಸುವುದು. ಅತ್ತ ಅವನ ಸಹಿಯಿಂದ ಕಾಡು ಕರಗುತ್ತಿರುವಾಗ, ಇತ್ತ ಯುಗಲಪ್ರಸಾದನೆಂಬ ಬಡವ ಎಲ್ಲೆಲ್ಲಿಂದಲೋ ಹೂಬಳ್ಳಿಗಳನ್ನು ತಂದು, ಯಾವ ಲಾಭದ ಆಸೆಯೂ ಇಲ್ಲದೆ, ಸರಸ್ವತಿ ಕುಂಡವೆಂಬ ಕೊಳದ ಸುತ್ತ ನೆಡುತ್ತಿರುತ್ತಾನೆ. ಆ ಕಾಡಿಗೆ ಹಿಂದೆ ಅರಸರಾಗಿದ್ದ ಆದಿವಾಸಿ ಮನೆತನದ ಭಾನುಮತಿಯನ್ನು ಸತ್ಯಚರಣ ಒಮ್ಮೆ ಭಾರತವರ್ಷದ ಹೆಸರು ಕೇಳಿದ್ದೀಯಾ ಎಂದು ಕೇಳಿದರೆ ಅವಳು ತಲೆಯಾಡಿಸಿ ಇಲ್ಲವೆನ್ನುತ್ತಾಳೆ. ನಿಸರ್ಗಪ್ರೇಮಿಯೂ ನಿಸರ್ಗನಾಶಕನೂ ಇಲ್ಲಿ ಒಬ್ಬನೇ, ಅವನಿಗೆ ಅದು ಗೊತ್ತು, ಮತ್ತು ಕಾದಂಬರಿಯ ಆರಂಭದಲ್ಲೇ ಅವನು ಅದನ್ನು ಒಪ್ಪಿಕೊಳ್ಳುತ್ತಾನೆ. ಥೋರೊನ ಕೊಳದ ಬದಿಯಲ್ಲೂ ರೈಲುದಾರಿ ಇತ್ತು, ಅದರ ಶಿಳ್ಳನ್ನು ಅವನು ಬಚ್ಚಿಡಲಿಲ್ಲ. ಆದರೆ ಆ ರೈಲನ್ನು ಓಡಿಸುವ ಹೊಣೆ ಅವನ ಮೇಲಿರಲಿಲ್ಲ. ಸತ್ಯಚರಣನ ಮೇಲಿತ್ತು.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ದೂರದ ಎರಡು ಸಂಸ್ಕೃತಿಗಳಿಂದ ಆರಂಭಿಸಬೇಡಿ. ವ್ಯತ್ಯಾಸ ಕಂಡರೆ ಅದು ಸಂಸ್ಕೃತಿಯಿಂದಲೇ ಬಂತೆಂದು ನಂಬಿಬಿಡುವ ಅಪಾಯವಿದೆ. ಮೊದಲು ಡೊರೊಥಿಯ ದಿನಚರಿಯ ಆ ಒಂದು ದಿನದ ಬರಹವನ್ನೂ ಅಣ್ಣನ ಕವಿತೆಯನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವ ವಿವರ ಉಳಿಯಿತು, ಯಾವುದು ಬಿತ್ತು ಎಂದು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳಿ. ಬಳಿಕ 'ವಾಲ್ಡನ್' ಮತ್ತು 'ಆರಣ್ಯಕ'ಗಳನ್ನು ಜೊತೆಯಾಗಿ ಓದಿ: ಇಬ್ಬರೂ ಓದಿದ ತರುಣರು, ಇಬ್ಬರೂ ಊರು ಬಿಟ್ಟು ಕಾಡಿನ ಬದಿಗೆ ಬಂದವರು, ಇಬ್ಬರೂ ಲೆಕ್ಕ ಬರೆದವರು. ಒಬ್ಬನ ಲೆಕ್ಕದಲ್ಲಿ ಮನೆ ಕಟ್ಟಲು ತಗುಲಿದ 28 ಡಾಲರು ಹನ್ನೆರಡೂವರೆ ಸೆಂಟುಗಳಿವೆ, ಇನ್ನೊಬ್ಬನ ಲೆಕ್ಕಪುಸ್ತಕದಲ್ಲಿ ಯಾರಿಗೆ ಎಷ್ಟು ಬಿಘಾ (ನೆಲದ ಅಳತೆ) ಕಾಡು ಎಂದಿದೆ.